ಹಳೆಯ ಯುರೋಪಿಯನ್ ಕೂಪೆಗಳ ವಿನ್ಯಾಸ ಮತ್ತು ಯಂತ್ರರಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

1950ರಿಂದ 1975ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಇಟಲಿ, ಜರ್ಮನಿ, ಬ್ರಿಟನ್ ಮತ್ತು ಫ್ರಾನ್ಸಿನ ಕಾರ್ಖಾನೆಗಳಿಂದ ಹೊರಬಂದ ಎರಡು ಬಾಗಿಲಿನ ಕಾರುಗಳ ಬಗ್ಗೆ ಆಸಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಉತ್ತರಗಳೆಲ್ಲದರ ಹಿಂದೆ ಇರುವ ನಂಬಿಕೆ ಒಂದೇ: ಈ ಕಾರುಗಳ ಚೆಲುವನ್ನು ಹೊರಗಿನ ತಗಡಿನಲ್ಲಷ್ಟೇ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ, ಒಳಗಿನ ಚೌಕಟ್ಟು, ಎಂಜಿನ್ ಕುಳಿತ ಜಾಗ ಮತ್ತು ಚಕ್ರಗಳನ್ನು ಹಿಡಿದಿಟ್ಟ ಬಗೆ ಇವುಗಳನ್ನು ಅರಿತ ಮೇಲೆಯೇ ಹೊರಗಿನ ಗೆರೆ ಏಕೆ ಹಾಗೆ ಹರಿದಿದೆ ಎಂಬುದು ಗೊತ್ತಾಗುತ್ತದೆ.

ಕೂಪೆ ಎಂದರೆ ಏನು?

ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ 'ಕತ್ತರಿಸಿದ್ದು' ಎಂದರ್ಥ. ಎದುರುಬದುರು ಆಸನಗಳಿದ್ದ ಕುದುರೆ ಸಾರೋಟಿನ ಮುಂಭಾಗವನ್ನು ಕತ್ತರಿಸಿ ಒಂದೇ ಸಾಲಿನ ಆಸನ ಉಳಿಸಿಕೊಂಡ ಗಾಡಿಗೆ ಮೊದಲು ಈ ಹೆಸರಿತ್ತು. ಅದು ಮುಂದೆ ಗಟ್ಟಿ ಛಾವಣಿಯ, ಎರಡು ಬಾಗಿಲಿನ ಕಾರಿಗೆ ಬಂದಿತು. ಬ್ರಿಟನ್ನಿನವರು ಮಡಚುವ ಛಾವಣಿಯ ಕಾರನ್ನೂ 'ಡ್ರಾಪ್‌ಹೆಡ್ ಕೂಪೆ' ಎಂದು ಕರೆಯುತ್ತಿದ್ದುದರಿಂದ ಹಳೆಯ ಪತ್ರಿಕೆಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಇಲ್ಲಿ ಗಟ್ಟಿ ಛಾವಣಿಯ ಕಾರುಗಳನ್ನು ಮಾತ್ರ ತೆಗೆದುಕೊಳ್ಳಲಾಗಿದೆ.

ಎರಡು ಕಾರುಗಳನ್ನು ಹೋಲಿಸಲು ಅವುಗಳ ಅಶ್ವಶಕ್ತಿ ನೋಡಿದರೆ ಸಾಲದೇ?

ಸಾಲದು. ಮೊದಲನೆಯದಾಗಿ, ಆ ಕಾಲದ ಅಂಕಿಗಳೆಲ್ಲ ಒಂದೇ ಅಳತೆಗೋಲಿನವಲ್ಲ. 1961ರ ಜಾಗ್ವಾರ್ ಇ-ಟೈಪ್‌ಗೆ ಕಂಪನಿ ಹೇಳಿಕೊಂಡ 265 ಅಶ್ವಶಕ್ತಿ ಅಮೆರಿಕದ ಹಳೆಯ ಒಟ್ಟು ಅಳತೆಯದು. ಅಂದರೆ ಎಂಜಿನ್ನನ್ನು ಕಾರಿನಿಂದ ಹೊರಗೆ, ಅದರ ಶಕ್ತಿಯನ್ನು ತಿನ್ನುವ ಬಿಡಿಭಾಗಗಳನ್ನು ಬಹುಮಟ್ಟಿಗೆ ಕಳಚಿ ಅಳೆದದ್ದು. ಜರ್ಮನಿಯ ಡಿಐಎನ್ ಅಳತೆಯಲ್ಲಿ ಸೈಲೆನ್ಸರ್, ಏರ್ ಫಿಲ್ಟರ್ ಮುಂತಾದವು ಕಾರಿನಲ್ಲಿರುವಂತೆಯೇ ಇರಬೇಕು. ಮೊದಲ ಪೋರ್ಶೆ 911ರ 130 ಅಶ್ವಶಕ್ತಿ ಈ ಎರಡನೆಯ ಬಗೆಯದು. ಆದ್ದರಿಂದ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಒಂದು ಇನ್ನೊಂದರ ಎರಡರಷ್ಟಿದೆ ಎನ್ನುವುದು ಮೊಳದಲ್ಲಿ ಅಳೆದದ್ದನ್ನು ಗಜದಲ್ಲಿ ಅಳೆದದ್ದರ ಜೊತೆ ಕೂಡಿಸಿದಂತೆ. ಎರಡನೆಯದಾಗಿ, ಕಾರಿನ ತೂಕ ಎಷ್ಟು, ಆ ತೂಕ ಯಾವ ಚಕ್ರಗಳ ಮೇಲಿದೆ, ತಿರುವಿನಲ್ಲಿ ಟಯರುಗಳು ರಸ್ತೆಯನ್ನು ಹೇಗೆ ಹಿಡಿಯುತ್ತವೆ ಎಂಬುದು ಕಾರಿನ ನಡತೆಯನ್ನು ಶಕ್ತಿಗಿಂತ ಹೆಚ್ಚಾಗಿ ತೀರ್ಮಾನಿಸುತ್ತದೆ.

ಮರ್ಸಿಡಿಸ್-ಬೆಂಜ್ 300 ಎಸ್‌ಎಲ್‌ನ ಬಾಗಿಲುಗಳು ಮೇಲಕ್ಕೆ ತೆರೆಯುವುದು ಬರೀ ಆಕರ್ಷಣೆಗಾಗಿಯೇ?

ಅಲ್ಲ, ಮತ್ತು ಈ ಪ್ರಶ್ನೆಯಿಂದಲೇ ಅಭ್ಯಾಸ ಆರಂಭಿಸುವುದು ಒಳ್ಳೆಯದು. 1952ರ ಮೊದಲ 300 ಎಸ್‌ಎಲ್ ರೇಸ್ ಕಾರಿಗೆ ಮರ್ಸಿಡಿಸ್ ಬಳಿ ಹೊಸ ಎಂಜಿನ್ ಇರಲಿಲ್ಲ. 300 ಮಾದರಿಯ ದೊಡ್ಡ ಸೆಡಾನಿನ ಭಾರವಾದ ಮೂರು ಲೀಟರ್ ಎಂಜಿನ್ನನ್ನೇ ಬಳಸಬೇಕಿತ್ತು. ಎಂಜಿನ್ನಿನ ತೂಕವನ್ನು ಇಳಿಸಲಾಗದಿದ್ದಾಗ ಕಂಪನಿಯ ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ಚೌಕಟ್ಟಿನ ತೂಕವನ್ನು ಇಳಿಸಿದರು. ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು, ಪ್ರತಿ ಕೊಳವೆಯೂ ಎಳೆತ ಅಥವಾ ಒತ್ತಡವನ್ನು ಮಾತ್ರ ತಡೆದುಕೊಳ್ಳುವಂತೆ, ಬಾಗುವ ಸಂದರ್ಭವೇ ಬಾರದಂತೆ ಜೋಡಿಸಿದ ಆ ಚೌಕಟ್ಟು ರೇಸ್ ಕಾರಿನಲ್ಲಿ ಸುಮಾರು 50 ಕಿಲೋ ತೂಗುತ್ತಿತ್ತು. ಆದರೆ ಇಂಥ ಚೌಕಟ್ಟು ಗಟ್ಟಿಯಾಗಿ ನಿಲ್ಲಬೇಕಾದರೆ ಅದಕ್ಕೆ ಆಳ ಬೇಕು. ಹಾಗಾಗಿ ಕೊಳವೆಗಳು ಕಾರಿನ ಎರಡೂ ಬದಿಗಳಲ್ಲಿ ಸಾಮಾನ್ಯ ಬಾಗಿಲಿನ ಅರ್ಧ ಎತ್ತರದವರೆಗೆ ಏರಿ ನಿಂತವು. ಸಾಮಾನ್ಯ ಬಾಗಿಲಿಗೆ ಜಾಗವೇ ಉಳಿಯದೆ ಹೋದಾಗ ಬಾಗಿಲಿನ ಕೀಲನ್ನು ಛಾವಣಿಗೆ ಕೂರಿಸುವುದೊಂದೇ ದಾರಿಯಾಯಿತು. ಆ ವರ್ಷ ಈ ರೇಸ್ ಕಾರು ಲ ಮಾನ್ 24 ಗಂಟೆಗಳ ಸ್ಪರ್ಧೆಯನ್ನೂ ಮೆಕ್ಸಿಕೊದ ಕರೇರಾ ಪನಾಮೆರಿಕಾನಾವನ್ನೂ ಗೆದ್ದಿತು.

ಅಮೆರಿಕದ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಒತ್ತಾಯದಿಂದ ರಸ್ತೆಗೆಂದು ರೂಪಿಸಿದ ಕೂಪೆಯನ್ನು 1954ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಲಾಯಿತು. ಫ್ರೀಡ್ರಿಶ್ ಗೈಗರ್ ಕೊಟ್ಟ ರೂಪದಲ್ಲಿಯೂ ಆ ಎತ್ತರದ ಹೊಸ್ತಿಲು ಹಾಗೇ ಉಳಿಯಿತು. ಒಳಗೆ ಕೂರುವವರಿಗೆ ತೊಡಕಾಗದಿರಲೆಂದು ಸ್ಟೇರಿಂಗ್ ಚಕ್ರವನ್ನು ಮಡಚುವಂತೆ ಮಾಡಲಾಯಿತು. ಎಂಜಿನ್ನನ್ನು ಎಡಬದಿಗೆ ವಾಲಿಸಿ ಕೂರಿಸಿದ್ದರಿಂದ ಬಾನೆಟ್ ತಗ್ಗಿನಲ್ಲಿ ಉಳಿಯಿತು. ಇಂಧನವನ್ನು ಬಾಷ್ ಪಂಪು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತಿತ್ತು. ಮಾರಾಟಕ್ಕೆ ಬಂದ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಕಾರುಗಳಲ್ಲಿ ಹೀಗೆ ನೇರವಾಗಿ ಇಂಧನ ಚಿಮ್ಮಿಸಿದ ಮೊದಲನೆಯದು ಇದು. ಈ ಏರ್ಪಾಡಿನಿಂದ 215 ಅಶ್ವಶಕ್ತಿ ದೊರೆತು, ಕಾರ್ಬ್ಯುರೇಟರ್ ಹೊಂದಿದ್ದ 1952ರ ರೇಸ್ ಕಾರಿಗಿಂತ ಅಂಗಡಿಯಲ್ಲಿ ಕೊಳ್ಳುವ ಕಾರೇ ಹೆಚ್ಚು ಶಕ್ತಿಯದಾಯಿತು. ಅದಕ್ಕೆ ತೆತ್ತ ಬೆಲೆಯೂ ಇತ್ತು: ಕೀಲಿ ತಿರುಗಿಸಿ ಆರಿಸಿದ ಮೇಲೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲ್ ಚಿಮ್ಮಿಸುತ್ತಲೇ ಇದ್ದುದರಿಂದ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯಲ್ಲಿ ಇಳಿದು ಆಯಿಲ್ಲನ್ನು ತೆಳುವಾಗಿಸುತ್ತಿತ್ತು, ಮಾಲೀಕರು ಆಯಿಲ್ಲನ್ನು ಬೇಗ ಬೇಗ ಬದಲಿಸಬೇಕಾಗುತ್ತಿತ್ತು. 1957ರ ವೇಳೆಗೆ 1,400 ಕೂಪೆಗಳು ತಯಾರಾದವು.

ಅದೇ ಕಾರು ತಿರುವಿನಲ್ಲಿ ಅಪಾಯಕಾರಿ ಎನ್ನುವುದೇಕೆ?

ಹಿಂದಿನ ಸ್ವಿಂಗ್ ಆಕ್ಸಲ್ಲಿನಿಂದಾಗಿ. ಈ ರಚನೆಯಲ್ಲಿ ಪ್ರತಿ ಹಿಂಚಕ್ರವೂ ತನ್ನ ಅರ್ಧ ಆಕ್ಸಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದು, ನಡುವಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಬಳಿಯ ಕೀಲಿನ ಸುತ್ತ ಮೇಲೆ ಕೆಳಗೆ ತೂಗುತ್ತದೆ. ತಿರುವಿನ ನಡುವೆ ಚಾಲಕ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಚಕ್ರಗಳು ಒಳಕ್ಕೆ ಮಡಚಿಕೊಳ್ಳುತ್ತವೆ, ಟಯರಿನ ಅಗಲವೆಲ್ಲ ನೆಲಕ್ಕೆ ತಾಗುವ ಬದಲು ಅಂಚು ಮಾತ್ರ ತಾಗುತ್ತದೆ, ಆಗ ಹಿಂಭಾಗ ಜಾರುತ್ತದೆ. 1957ರಲ್ಲಿ ಬಂದ, ಗಟ್ಟಿ ಛಾವಣಿಯಿಲ್ಲದ ರೋಡ್‌ಸ್ಟರ್‌ನಲ್ಲಿ ಕೀಲನ್ನು ಕೆಳಕ್ಕೆ ಇಳಿಸಿ ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸಲಾಯಿತು. ಅಂದರೆ ಮರ್ಸಿಡಿಸ್‌ನ ಅತಿ ಹೆಸರಾದ ಕೂಪೆಗೆ ಅದೇ ಕಂಪನಿಯ ಉತ್ತಮ ಸಸ್ಪೆನ್ಶನ್ ದೊರೆಯಲೇ ಇಲ್ಲ.

ಜಾಗ್ವಾರ್ ಇ-ಟೈಪ್‌ನ ಅಷ್ಟು ಉದ್ದದ ಮೂತಿಗೆ ಕಾರಣವೇನು?

ಉದ್ದದ ಎಂಜಿನ್ ಮತ್ತು ವಿಮಾನ ಕಾರ್ಖಾನೆಯಿಂದ ಬಂದ ಆಲೋಚನೆ. 1948ರಿಂದ ಬಳಕೆಯಲ್ಲಿದ್ದ ಎಕ್ಸ್‌ಕೆ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ. ಅದನ್ನು ಮುಂಚಕ್ರಗಳ ನಡುವೆ ಕೂರಿಸಿ ಚಾಲಕನನ್ನು ಹಿಂಚಕ್ರಗಳ ಹತ್ತಿರಕ್ಕೆ ಸರಿಸಿದರೆ ಮೂತಿ ತಾನಾಗಿಯೇ ಉದ್ದವಾಗುತ್ತದೆ. ಆಕಾರವನ್ನು ರೂಪಿಸಿದ ಮಾಲ್ಕಮ್ ಸೇಯರ್ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದವರು. ಗಾಳಿಯ ಹರಿವನ್ನು ಅರಿತು, ಕಾರಿನ ವಕ್ರರೇಖೆಗಳನ್ನು ಲೆಕ್ಕ ಹಾಕಿ ಕಂಡುಕೊಳ್ಳುವುದು ಅವರ ಪದ್ಧತಿಯಾಗಿತ್ತು. 1955ರಿಂದ 1957ರವರೆಗೆ ಮೂರು ವರ್ಷ ಸತತವಾಗಿ ಲ ಮಾನ್ ಗೆದ್ದ ಡಿ-ಟೈಪ್ ರೇಸ್ ಕಾರೂ ಅವರದೇ ರೂಪ.

ಒಳರಚನೆಯೂ ಡಿ-ಟೈಪ್‌ನಿಂದಲೇ ಇಳಿದು ಬಂದದ್ದು. ಜನ ಕೂರುವ ನಡುಭಾಗ ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಪೆಟ್ಟಿಗೆ. ಅದರ ಮುಂಗೋಡೆಗೆ ಚೌಕ ಕೊಳವೆಗಳ ಬೇರೆಯೇ ಚೌಕಟ್ಟನ್ನು ಬೋಲ್ಟ್ ಹಾಕಿ ಬಿಗಿದು, ಅದರಲ್ಲಿ ಎಂಜಿನ್ನನ್ನೂ ಮುಂದಿನ ಸಸ್ಪೆನ್ಶನ್ನನ್ನೂ ಕೂರಿಸಲಾಗಿದೆ. ಭಾರ ಹೊರುವ ಕೆಲಸವೆಲ್ಲ ಆ ಕೊಳವೆಗಳದಾದ್ದರಿಂದ ಮೇಲಿನ ತಗಡಿಗೆ ಹೊರುವ ಹೊಣೆಯಿಲ್ಲ. ಆದ್ದರಿಂದಲೇ ಮಡ್‌ಗಾರ್ಡು, ಬಾನೆಟ್, ಮೂತಿ ಎಲ್ಲವೂ ಸೇರಿದ ಇಡೀ ಮುಂಭಾಗ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ.

ಹಿಂದಿನ ಸಸ್ಪೆನ್ಶನ್ ನನ್ನ ದೃಷ್ಟಿಯಲ್ಲಿ ಈ ಕಾರಿನ ಅತ್ಯುತ್ತಮ ಭಾಗ. ಚಕ್ರವನ್ನು ತಿರುಗಿಸುವ ಶಾಫ್ಟೇ ಮೇಲಿನ ತೋಳಾಗಿಯೂ ದುಡಿಯುತ್ತದೆ, ಕೆಳಗೊಂದು ತೋಳು, ಪ್ರತಿ ಬದಿಗೆ ಎರಡೆರಡು ಸ್ಪ್ರಿಂಗುಗಳು, ಡಿಸ್ಕ್ ಬ್ರೇಕುಗಳು ಚಕ್ರದ ಬಳಿಯಲ್ಲಿರದೆ ಒಳಗೆ ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಚಕ್ರದ ಜೊತೆ ಕುಣಿಯುವ ಭಾರ ಹೀಗೆ ಕಡಿಮೆಯಾದ್ದರಿಂದ ಕೆಟ್ಟ ರಸ್ತೆಯಲ್ಲೂ ಟಯರು ನೆಲವನ್ನು ಬಿಡುವುದಿಲ್ಲ. ಇಷ್ಟನ್ನೂ ಒಂದು ಉಕ್ಕಿನ ಚೌಕಟ್ಟಿಗೆ ಕಟ್ಟಿ ರಬ್ಬರಿನ ಮೇಲೆ ಕೂರಿಸಿದ್ದರಿಂದ ಗೇರುಗಳ ಗದ್ದಲ ಒಳಗೆ ಬರುವುದಿಲ್ಲ. ಆದರೆ ಹಿಂದಿನ ಬ್ರೇಕುಗಳ ಕೆಲಸಕ್ಕೆ ಕಾರಿನಡಿ ತೆವಳಬೇಕಾದ ಮೆಕ್ಯಾನಿಕ್ಕಿನ ಕಷ್ಟ ದೊಡ್ಡದು. ಮೊದಲ 3.8 ಲೀಟರ್ ಕಾರಿನ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊಮೆಶ್ (ಗೇರು ಸಲೀಸಾಗಿ ಬೀಳಲು ನೆರವಾಗುವ ಏರ್ಪಾಡು) ಇರಲಿಲ್ಲ, 1964ರ 4.2 ಲೀಟರ್ ಕಾರು ಆ ಕೊರತೆಯನ್ನು ನೀಗಿಸಿತು.

ಇ-ಟೈಪ್ ಗಾಳಿಯನ್ನು ಅಷ್ಟು ಚೆನ್ನಾಗಿ ಸೀಳುತ್ತದೆಯೇ?

ಕಣ್ಣಿಗೆ ಕಾಣುವಷ್ಟು ಇಲ್ಲ. ಅದರ ಗಾಳಿ ಪ್ರತಿರೋಧದ ಗುಣಾಂಕ 0.44ರ ಆಸುಪಾಸಿನದು, ಇಂದಿನ ಸಾಧಾರಣ ಕಾರುಗಳಿಗಿಂತ ಹೆಚ್ಚಿನದು. ಎದುರಿನಿಂದ ಕಾಣುವ ಮೈ ಚಿಕ್ಕದಾಗಿರುವುದೇ ಅದರ ವೇಗಕ್ಕೆ ಹೆಚ್ಚು ನೆರವಾಯಿತು.

ಪೋರ್ಶೆ 911ರಲ್ಲಿ ಎಂಜಿನ್ ಹಿಂದಿರುವುದು ತಪ್ಪಲ್ಲವೇ?

ತಪ್ಪು ಎನ್ನುವುದಕ್ಕಿಂತ, ಲಾಭವನ್ನೂ ತೊಂದರೆಯನ್ನೂ ಒಟ್ಟಿಗೇ ತಂದ ಆಯ್ಕೆ ಎನ್ನುವುದು ನ್ಯಾಯ. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಇದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ಫ್ರಾನ್ಸಿನಲ್ಲಿ ತನ್ನವು ಎಂದು ಪೂಜೊ ಕಂಪನಿ ಆಕ್ಷೇಪಿಸಿದ್ದರಿಂದ ಅದು 911 ಆಯಿತು. ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಶೆ ರೂಪಿಸಿದ ಆಕಾರದ ಪ್ರತಿ ಗೆರೆಗೂ ಯಂತ್ರದ ಆಧಾರವಿದೆ. ಎಂಜಿನ್ ಗಾಳಿಯಿಂದ ತಂಪಾಗುವುದರಿಂದ ಮುಂದೆ ರೇಡಿಯೇಟರ್ ಇಲ್ಲ, ಆದ್ದರಿಂದ ಮೂತಿ ತಗ್ಗಾಗಿ ಇಳಿಯುತ್ತದೆ. ಮುಂದಿನ ಸಸ್ಪೆನ್ಶನ್ನಿಗೆ ಸುರುಳಿ ಸ್ಪ್ರಿಂಗುಗಳ ಬದಲು ಉದ್ದಕ್ಕೆ ಮಲಗಿಸಿದ ತಿರುಚು ಸರಳುಗಳನ್ನು ಬಳಸಿದ್ದರಿಂದ ಪೆಟ್ರೋಲ್ ಟ್ಯಾಂಕಿಗೂ ಸಾಮಾನಿಗೂ ಮುಂದೆ ಜಾಗ ಸಿಕ್ಕಿತು. ಆರು ಸಿಲಿಂಡರುಗಳು ಮೂರು ಮೂರಾಗಿ ಎದುರುಬದುರು ಮಲಗಿರುವುದರಿಂದ ಎಂಜಿನ್ನಿನ ಎತ್ತರ ಕಡಿಮೆ, ಹಾಗಾಗಿ ಛಾವಣಿಯ ಗೆರೆ ಬಂಪರಿನವರೆಗೂ ತಡೆಯಿಲ್ಲದೆ ಇಳಿಯುತ್ತದೆ.

ತೊಂದರೆ ತೂಕದಲ್ಲಿದೆ. ಎತ್ತಿನ ಗಾಡಿಗೆ ಹಿಂಭಾರ ಹೆಚ್ಚಾದರೆ ನೊಗ ಮೇಲೇಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ಎಂಜಿನ್ ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ ತೂಗುವ 911ರಲ್ಲಿ ಮುಂಚಕ್ರಗಳ ಮೇಲೆ ಭಾರ ಕಡಿಮೆ, ಹಿಂಭಾಗ ಒಮ್ಮೆ ಜಾರತೊಡಗಿದರೆ ಆ ಭಾರವೇ ಅದನ್ನು ಮತ್ತಷ್ಟು ಹೊರಕ್ಕೆ ಎಳೆಯುತ್ತದೆ. ಆರಂಭದ ಕಾರುಗಳಲ್ಲಿ ಮುಂದಿನ ಬಂಪರಿನ ಎರಡೂ ಮೂಲೆಗಳಲ್ಲಿ ತಲಾ 11 ಕಿಲೋ ಎರಕದ ಕಬ್ಬಿಣವನ್ನು ಇರಿಸಿ ಸಮಾಧಾನ ಮಾಡಿಕೊಳ್ಳಲಾಯಿತು. 1969ರ ಮಾದರಿಯಲ್ಲಿ ನಿಜವಾದ ಪರಿಹಾರ ಬಂದಿತು: ಎಂಜಿನ್ನನ್ನು ಇದ್ದಲ್ಲೇ ಬಿಟ್ಟು ಹಿಂಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು, ಒಂದು ಬ್ಯಾಟರಿಯ ಬದಲು ಎರಡನ್ನು ಮುಂದಿನ ಮೂಲೆಗಳಲ್ಲಿ ಕೂರಿಸಿದರು. ಹೊರಗಿನಿಂದ ನೋಡಿದರೆ ಈ ಬದಲಾವಣೆ ಕಾಣುವುದೇ ಇಲ್ಲ. ಕಾರಿನ ರೂಪ ಕೆಡಿಸದೆ ಅದರ ನಡತೆಯನ್ನು ತಿದ್ದಿದ ಈ ಕೆಲಸಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರಾವ ಕೂಪೆಯಲ್ಲೂ ಕಂಡಿಲ್ಲ. ಹಿಂಭಾರಕ್ಕೆ ಒಂದು ಲಾಭವೂ ಇದೆ: ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಸರಿದು ನಾಲ್ಕೂ ಚಕ್ರಗಳು ಸಮನಾಗಿ ದುಡಿಯುತ್ತವೆ, ತಿರುವಿನಿಂದ ಹೊರಬರುವಾಗ ಹಿಂಚಕ್ರಗಳು ಸುಳಿಯದೆ ಎಳೆಯುತ್ತವೆ.

ಇಟಲಿಯ ಕಾರುಗಳೆಂದರೆ ಚೆಂದದ ಮೈ, ದುರ್ಬಲ ಯಂತ್ರ ಎಂಬ ಮಾತು ನಿಜವೇ?

ಇದು ಇಟಲಿಯ ಎಂಜಿನಿಯರುಗಳಿಗೆ ಮಾಡುವ ಅನ್ಯಾಯ. 1950ರಲ್ಲಿ ಲಾನ್ಚಿಯಾ ಕಂಪನಿಯ ಔರೇಲಿಯಾ ಕಾರು ವಿ ಆಕಾರದ ಆರು ಸಿಲಿಂಡರ್ ಎಂಜಿನ್ನನ್ನು ಮೊದಲ ಬಾರಿಗೆ ಸಾಲು ಉತ್ಪಾದನೆಗೆ ತಂದಿತು; ಅದರ ಹಿಂದಿದ್ದವರು ಫ್ರಾಂಚೆಸ್ಕೊ ದೆ ವಿರ್ಜಿಲಿಯೊ. ಮರುವರ್ಷ ಬಂದ ಬಿ20 ಕೂಪೆಯಲ್ಲಿಯೂ ಗೇರ್‌ಬಾಕ್ಸ್ ಮತ್ತು ಕ್ಲಚ್ಚು ಎಂಜಿನ್ನಿನ ಬಳಿ ಇರದೆ ಹಿಂದೆ ಡಿಫರೆನ್ಷಿಯಲ್ ಜೊತೆ ಕುಳಿತಿದ್ದವು, ಹಾಗಾಗಿ ತೂಕ ಮುಂದೆ ಹಿಂದೆ ಸರಿಯಾಗಿ ಹಂಚಿಹೋಯಿತು.

1965ರ ಫುಲ್ವಿಯಾ ಕೂಪೆ ಇನ್ನೂ ವಿಚಿತ್ರ. ಅದರ ನಾಲ್ಕು ಸಿಲಿಂಡರುಗಳು ವಿ ಆಕಾರದಲ್ಲಿದ್ದರೂ ಅವುಗಳ ನಡುವಿನ ಕೋನ ಸುಮಾರು 13 ಡಿಗ್ರಿ ಮಾತ್ರ. ಎರಡೂ ಸಾಲಿಗೆ ಒಂದೇ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಸಾಕಾಗುವಷ್ಟು ಇಕ್ಕಟ್ಟು. ಆ ಪುಟ್ಟ ಎಂಜಿನ್ನನ್ನು 45 ಡಿಗ್ರಿ ವಾಲಿಸಿ, ಮುಂಚಕ್ರಗಳನ್ನೇ ತಿರುಗಿಸುವಂತೆ ಮಾಡಿ, ಪಿಯೆರೊ ಕಸ್ತಾನ್ಯೆರೊ ಅದರ ಮೇಲೆ ತೆಳ್ಳನೆಯ ಕಂಬಗಳ, ದೊಡ್ಡ ಗಾಜುಗಳ ಮೈಯನ್ನು ಇರಿಸಿದರು. 1972ರಲ್ಲಿ ಸಾಂಡ್ರೊ ಮುನಾರಿ ಇದನ್ನೇ ಓಡಿಸಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು.

ಆಲ್ಫಾ ರೋಮಿಯೊದ 1963ರ ಜೂಲಿಯಾ ಸ್ಪ್ರಿಂಟ್ ಜಿಟಿಯ ಹಿಂದಿನ ಆಕ್ಸಲ್ ಹಳೆಯ ಬಗೆಯ ಗಟ್ಟಿ ಆಕ್ಸಲ್ಲೇ. ಆದರೆ ಅಲ್ಯುಮಿನಿಯಂ ಎಂಜಿನ್, ಹೆಡ್ಡಿನಲ್ಲಿ ವಾಲ್ವುಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟು, ಐದು ಗೇರು, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಇವೆಲ್ಲ 1.6 ಲೀಟರಿನ ಕಾರಿನಲ್ಲಿ ಸಿಗುತ್ತಿದ್ದವು ಎಂಬುದನ್ನು ಮರೆಯಬಾರದು. ಕಾರುಗಳ ಮೈ ರೂಪಿಸುವ ಬೆರ್ತೋನೆ ಸಂಸ್ಥೆಯಲ್ಲಿ ದುಡಿಯುತ್ತಿದ್ದ, ಇಪ್ಪತ್ತರ ಹರೆಯದ ಜಾರ್ಜೆತ್ತೊ ಜುಜಾರೊ ರೂಪಿಸಿದ ಮೈಯಲ್ಲಿ ಬಾನೆಟ್ಟಿನ ಅಂಚು ಮೂತಿಗಿಂತ ಒಂದಿಷ್ಟೇ ಎತ್ತರದಲ್ಲಿ ನಿಂತು ಮೆಟ್ಟಿಲಿನಂತೆ ಕಾಣುತ್ತದೆ.

ಲ್ಯಾಂಬೊರ್ಗಿನಿ ಮಿಯುರಾ ಏಕೆ ಅಷ್ಟು ಮುಖ್ಯ?

ರೇಸ್ ಕಾರುಗಳಂತೆ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ, ಹಿಂಚಕ್ರಗಳ ಮುಂದೆ ಇರಿಸಿದ ರಸ್ತೆ ಕಾರುಗಳಿಗೆ ಇದು ಮೇಲ್ಪಂಕ್ತಿ ಹಾಕಿತು. ಹನ್ನೆರಡು ಸಿಲಿಂಡರಿನ ಉದ್ದದ ಎಂಜಿನ್ನನ್ನು ಕಾರಿನುದ್ದಕ್ಕೆ ಇಟ್ಟರೆ ಕಾರು ತೀರ ಉದ್ದವಾಗುತ್ತಿತ್ತು. ಜಾನ್ ಪಾವ್ಲೊ ದಲ್ಲಾರಾ ಮತ್ತು ಸಂಗಡಿಗರು ಅದನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರೊಂದಿಗೇ ಎರಕ ಹೊಯ್ದರು; ಬ್ರಿಟನ್ನಿನ ಪುಟ್ಟ ಮಿನಿ ಕಾರಿನ ಜೋಡಣೆಯೇ ಇದಕ್ಕೆ ಸ್ಫೂರ್ತಿ. 1965ರ ಟುರಿನ್ ಪ್ರದರ್ಶನದಲ್ಲಿ ಬರೀ ಚಾಸಿಯನ್ನೇ ನಿಲ್ಲಿಸಿ, 1966ರ ಜಿನೀವಾ ಪ್ರದರ್ಶನಕ್ಕೆ ಬೆರ್ತೋನೆಯ ಮಾರ್ಚೆಲ್ಲೊ ಗಂಡೀನಿ ರೂಪಿಸಿದ ಮೈಯನ್ನು ಹೊದಿಸಿ ತಂದರು. ಎತ್ತರ ಸುಮಾರು 105 ಸೆಂಟಿಮೀಟರ್. ಎಂಜಿನ್ನಿಗೂ ಗೇರುಗಳಿಗೂ ಒಂದೇ ಆಯಿಲ್ ಆಗಿದ್ದರಿಂದ ಗೇರಿನಿಂದ ಸವೆದ ಲೋಹದ ಪುಡಿ ಎಂಜಿನ್ನಿಗೂ ಹೋಗಬಹುದಿತ್ತು. ಪೆಟ್ರೋಲ್ ಟ್ಯಾಂಕು ಮುಂದಿದ್ದ ಕಾರಣ ಅದು ಖಾಲಿಯಾಗುತ್ತ ಬಂದಂತೆ ಅತಿವೇಗದಲ್ಲಿ ಮೂತಿ ಹಗುರಾಗುತ್ತಿತ್ತು. ರೂಪಕ್ಕೆ ನೂರಕ್ಕೆ ನೂರು ಅಂಕ ಕೊಡುವ ನಾನು ಯಂತ್ರರಚನೆಗೆ ಅಷ್ಟು ಕೊಡಲಾರೆ.

ಸಿಟ್ರೊಯೆನ್ ಎಸ್‌ಎಂ ಈ ಗುಂಪಿಗೆ ಸೇರುತ್ತದೆಯೇ?

ಸೇರಲೇಬೇಕು, ಏಕೆಂದರೆ ಉಳಿದವರೆಲ್ಲ ವೇಗದ ಬಗ್ಗೆ ಯೋಚಿಸಿದಾಗ ಸಿಟ್ರೊಯೆನ್ ವೇಗದಲ್ಲಿಯೂ ದಣಿವಾಗದಿರುವುದರ ಬಗ್ಗೆ ಯೋಚಿಸಿತು. 1970ರ ಈ ಕಾರಿಗೆ, ಆಗ ಸಿಟ್ರೊಯೆನ್ ಒಡೆತನದಲ್ಲಿದ್ದ ಮಸೆರಾತಿಯ ಆರು ಸಿಲಿಂಡರ್ ಎಂಜಿನ್ ಬಂದಿತು. ಫ್ರಾನ್ಸಿನ ತೆರಿಗೆಯ ಲೆಕ್ಕಾಚಾರಕ್ಕಾಗಿ ಗಾತ್ರವನ್ನು 2.7 ಲೀಟರಿಗೆ ಮಿತಗೊಳಿಸಲಾಗಿತ್ತು. ಉಕ್ಕಿನ ಸ್ಪ್ರಿಂಗುಗಳ ಬದಲು ಒತ್ತಡದ ದ್ರವ ಮತ್ತು ಅನಿಲ ತುಂಬಿದ ಗುಂಡುಗಳ ಮೇಲೆ ಕಾರು ತೇಲುತ್ತದೆ, ಹೊರೆ ಎಷ್ಟಿದ್ದರೂ ನೆಲದಿಂದ ಒಂದೇ ಎತ್ತರ ಕಾಯ್ದುಕೊಳ್ಳುತ್ತದೆ. ಸ್ಟೇರಿಂಗ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎರಡೇ ಸುತ್ತು. ವೇಗ ಹೆಚ್ಚಿದಂತೆ ಅದು ಬಿಗಿಯಾಗುತ್ತದೆ, ಕೈಬಿಟ್ಟರೆ ನಿಂತ ಕಾರಿನಲ್ಲಿಯೂ ತಾನೇ ನೇರವಾಗುತ್ತದೆ. ಯುರೋಪಿನಲ್ಲಿ ಮಾರಿದ ಎಸ್‌ಎಂ ಕಾರುಗಳಲ್ಲಿ ಒಳಬದಿಯ ಹೆಡ್‌ಲೈಟುಗಳು ತಿರುವಿನ ಕಡೆಗೆ ತಿರುಗುತ್ತಿದ್ದವು. ರೊಬೆರ್ ಓಪ್ರೋನ್ ರೂಪಿಸಿದ ಮೈ ಹಿಂದಕ್ಕೆ ಹೋದಂತೆ ಕಿರಿದಾಗುತ್ತದೆ. ಹಿಂಚಕ್ರಗಳ ನಡುವಿನ ಅಂತರ ಮುಂಚಕ್ರಗಳದ್ದಕ್ಕಿಂತ ಸುಮಾರು 20 ಸೆಂಟಿಮೀಟರ್ ಕಡಿಮೆ. ಇದನ್ನು ಬೇರೆ ಕಾರಿನ ಅಭ್ಯಾಸದಲ್ಲಿ ಓಡಿಸಿದವರು ಮೊದಲ ತಿರುವುಗಳಲ್ಲಿ ಗಾಬರಿಯಾಗುವುದು ಸಹಜ.

ಬಿಎಂಡಬ್ಲ್ಯು 3.0 ಸಿಎಸ್‌ಎಲ್‌ನ 'ಎಲ್' ಏನನ್ನು ಸೂಚಿಸುತ್ತದೆ?

ಜರ್ಮನ್ ಭಾಷೆಯಲ್ಲಿ 'ಹಗುರ' ಎನ್ನುವ ಪದದ ಮೊದಲ ಅಕ್ಷರವನ್ನು. ನಡುಗಂಬವಿಲ್ಲದ, ಮೊಣಕೈ ಹೊರಗಿಟ್ಟು ಆರಾಮವಾಗಿ ಓಡಿಸುವ ಕೂಪೆಯೊಂದನ್ನು ರೇಸಿಗೆ ಒಗ್ಗಿಸಲು ತೆಳು ಉಕ್ಕು ಬಳಸಿ, ಬಾಗಿಲು, ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳವನ್ನು ಅಲ್ಯುಮಿನಿಯಂನಲ್ಲಿ ಮಾಡಿದರು. 1973ರ ಕಾರಿನ ದೊಡ್ಡ ಹಿಂರೆಕ್ಕೆ ಜರ್ಮನಿಯ ರಸ್ತೆಯಲ್ಲಿ ಕಾನೂನುಬದ್ಧವಾಗಿರಲಿಲ್ಲ. ಆದ್ದರಿಂದ ಅದನ್ನು ಡಿಕ್ಕಿಯಲ್ಲಿಟ್ಟು ಗಿರಾಕಿಗೆ ಒಪ್ಪಿಸಲಾಗುತ್ತಿತ್ತು. ಆ ವರ್ಷದ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಬಿಎಂಡಬ್ಲ್ಯು ಪಾಲಾಯಿತು.

ಇಂದು ಇವುಗಳನ್ನು ಉಳಿಸಿಕೊಳ್ಳುವಲ್ಲಿ ದೊಡ್ಡ ಶತ್ರು ಯಾವುದು?

ತುಕ್ಕು. ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಬಹುದು. ಮೈಯೇ ಚಾಸಿಯೂ ಆಗಿರುವ ಕಾರಿನಲ್ಲಿ ತಗಡು ತಿಂದುಹೋದರೆ ಕಾರಿನ ಬೆನ್ನೆಲುಬೇ ಹೋದಂತೆ. ಇ-ಟೈಪ್‌ನ ಬಾಗಿಲಿನ ಕೆಳಗಿನ ಹೊಸ್ತಿಲುಗಳು ಅಲಂಕಾರದ ತಗಡಲ್ಲ, ಭಾರ ಹೊರುವ ತೊಲೆಗಳು. ಕಾರ್ಮನ್ ಕಾರ್ಖಾನೆಯಲ್ಲಿ ತಯಾರಾದ ಬಿಎಂಡಬ್ಲ್ಯು ಕೂಪೆಗಳ ಮೈಯೂ ತುಕ್ಕಿಗೆ ಕುಖ್ಯಾತ. ಮಂಗಳೂರು ಅಥವಾ ಕಾರವಾರದ ಕಡಲಗಾಳಿಯಲ್ಲಿ ವಾಹನ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟನ್ ಮಾರ್ಟಿನ್ ಡಿಬಿ5ರಂಥ ಕಾರುಗಳಲ್ಲಿ ತೊಂದರೆಯ ಸ್ವರೂಪ ಬೇರೆ: ಕಾರುಗಳ ಮೈ ಕಟ್ಟುತ್ತಿದ್ದ ಮಿಲಾನಿನ ಟೂರಿಂಗ್ ಸಂಸ್ಥೆಯ ಪದ್ಧತಿಯಂತೆ ತೆಳು ಉಕ್ಕಿನ ಕೊಳವೆಗಳ ಮೇಲೆ ಅಲ್ಯುಮಿನಿಯಂ ಹೊದಿಸಿರುವುದರಿಂದ, ಎರಡು ಲೋಹಗಳು ತಾಗುವಲ್ಲಿ ತೇವ ಸೇರಿದರೆ ಅಲ್ಯುಮಿನಿಯಂ ಒಳಗಿಂದೊಳಗೇ ಸವೆಯುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಟಿಂಕರಿಂಗ್ ಕೆಲಸ ದೊಡ್ಡದೇ ಆಗಿರುತ್ತದೆ.

ಒಂದೇ ಕಾರನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಯಾವುದನ್ನು ನೋಡಬೇಕು?

ಹೊಸದಾಗಿ ಕಲಿಯುವವರು ಮಾಲೀಕರ ಅನುಮತಿ ಪಡೆದು ಇ-ಟೈಪ್‌ನ ಬಾನೆಟ್ ಎತ್ತಿಸಿ ನೋಡಬೇಕೆಂದು ನಾನು ಹೇಳುತ್ತೇನೆ. ಮುಂಭಾಗ ಪೂರ್ತಿ ಮಗುಚಿದ ಮೇಲೆ ಚೌಕ ಕೊಳವೆಗಳು, ಅವು ಮುಂಗೋಡೆಗೆ ಸೇರುವ ಬೋಲ್ಟುಗಳು, ಸಸ್ಪೆನ್ಶನ್ನಿನ ತೋಳುಗಳು, ಸಾಲಾಗಿ ನಿಂತ ಆರು ಸಿಲಿಂಡರುಗಳ ಮೇಲೆ ಹೊಳಪು ಕೊಟ್ಟ ಎರಡು ಕ್ಯಾಮ್ ಮುಚ್ಚಳಗಳು ಒಂದೇ ನೋಟಕ್ಕೆ ಸಿಗುತ್ತವೆ. ಯಾವ ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಅನಂತರ ಬಾನೆಟ್ಟನ್ನು ಇಳಿಸಿಸಿ, ಅದರ ನಡುವಿನ ಉಬ್ಬು ಸರಿಯಾಗಿ ಎಂಜಿನ್ನಿನ ನೆತ್ತಿಯ ಮೇಲೆ ಬಂದು ಕೂರುವುದನ್ನು ಗಮನಿಸಬೇಕು.